ಎಮಿಲನ ಕೂಗು

"ನೋಡು, ಶುರು ಮಾಡ್ದ," ಎಂದು ರೋಂಡಾ ಎರಡೂ ಕಿವಿಗೆ ಕೈ ಅಡ್ಡ ಹಿಡಿದಳು.

ಡೆಲ್ಮಾರ್ ಅವಳ ಕಡೆ ತಿರುಗಲಿಲ್ಲ. ಎಂಜಿನ್ನಿನ ಮುಂದೆ, ಹಿಮ ಬಿದ್ದು ಗಟ್ಟಿಯಾದ ಗೋಧಿ ಹೊಲಗಳ ನಡುವೆ, ಝೆಮಾನರ ಮನೆಯ ಪಕ್ಕದ ಮಣ್ಣು ರಸ್ತೆ ಹಳಿಯನ್ನು ದಾಟುವ ಜಾಗ ಕಾಣಿಸಿತ್ತು. ಅವನು ಹಾರ್ನಿನ ಹಿಡಿ ಎಳೆದ. ಎರಡು ಉದ್ದದ ಕೂಗು, ಒಂದು ಗಿಡ್ಡ, ಮತ್ತೊಂದು ಉದ್ದ. ಯಾವ ಕ್ರಾಸಿಂಗಿಗೆ ಬಂದರೂ ಯಾವ ಡ್ರೈವರ್ ಆದರೂ ಕೂಗಿಸಲೇಬೇಕಾದದ್ದು ಅಷ್ಟು. ಆದರೆ ಕೊನೆಯದನ್ನು ಡೆಲ್ಮಾರ್ ನಿಯಮದ ಪುಸ್ತಕದಲ್ಲಿದ್ದ ಹಾಗೆ ಬಿಡಲಿಲ್ಲ. ಹಿಡಿಯನ್ನು ಮೆಲ್ಲಗೆ ಸಡಿಲಿಸಿದ, ಮತ್ತೆ ಎಳೆದ, ಮತ್ತೆ ಸಡಿಲಿಸಿದ. ಕೂಗು ತಗ್ಗಿ, ಏರಿ, ಇನ್ನೊಮ್ಮೆ ತಗ್ಗಿ, ಹೊಲದ ಆಚೆಯಿಂದ ಮನೆಯವರನ್ನು ಕರೆದ ಹಾಗೆ ಎಳೆದು ನಿಂತಿತು. ಹಳೆಯ ಎಂಜಿನ್ ಆದ್ದರಿಂದ ಇದು ಸಾಧ್ಯವಿತ್ತು. ಹೊಸ ಎಂಜಿನ್ನುಗಳಲ್ಲಿ ಗುಂಡಿ ಒತ್ತಿದರೆ ಕೂಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಯಾರು ಕೂಗಿಸಿದರೂ ಒಂದೇ.

"ಬೇರೆ ಕ್ರಾಸಿಂಗಿಗೆಲ್ಲ ಕುರಿ ಕೆಮ್ಮಿದ ಹಾಗೆ ಕೂಗಿಸ್ತೀಯ. ಇಲ್ಲಿಗೆ ಬಂದ್ರೆ ಮಾತ್ರ ಸಂಗೀತ ಕಚೇರಿ," ಎಂದಳು ರೋಂಡಾ. ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿ ಗಂಟಲು ಗಟ್ಟಿ ಮಾಡಿಕೊಂಡ ಹೆಂಗಸು. ಆಗಸ್ಟಿನಿಂದ ಈ ರೈಲಿಗೆ ಕಂಡಕ್ಟರ್; ಅಂದರೆ ಕೆಳಗಿಳಿದು ವ್ಯಾಗನ್ ಜೋಡಿಸುವುದು, ಬಿಡಿಸುವುದು, ಕೈ ಬ್ರೇಕು ತಿರುಗಿಸುವುದು, ಮಿಕ್ಕ ಹೊತ್ತು ಡ್ರೈವರನ ತಲೆ ತಿನ್ನುವುದು.

"ಎಮಿಲ್ ಹೀಗೇ ಕೂಗಿಸ್ತಿದ್ದ," ಎಂದ ಡೆಲ್ಮಾರ್. ಆಗಸ್ಟಿನಲ್ಲಿ ತೀರಿಕೊಳ್ಳುವ ತನಕ ಈ ಎಂಜಿನ್ನಿಗೆ ಎಮಿಲ್ ಝೆಮಾನನೇ ಡ್ರೈವರ್.

"ಗೊತ್ತಪ್ಪ. ವಾರಕ್ಕೆರಡು ಸಲ ಹೇಳ್ತೀಯ."

ಅವರ ಹಿಂದೆ ಜೋಳ ತುಂಬಿದ ಇಪ್ಪತ್ತೆರಡು ವ್ಯಾಗನ್ನುಗಳು ಮುದುಕರ ಮೆರವಣಿಗೆಯಂತೆ ಕುಲುಕಾಡಿಕೊಂಡು ಬರುತ್ತಿದ್ದವು. ಈ ನಲವತ್ತೆರಡು ಮೈಲಿ ಹಳಿಯ ಮೇಲೆ ಗಂಟೆಗೆ ಹತ್ತು ಮೈಲಿಗಿಂತ ಜೋರಾಗಿ ಹೋಗುವ ಹಾಗಿಲ್ಲ. ಹೋದರೆ ಹಳಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ ಎಂದು ರೈಲು ಹೊರಡುವ ಊರಾದ ಲಿಪಾದ ಜನ ನಗುತ್ತಾರೆ. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಖಾಲಿ ವ್ಯಾಗನ್ ಎಳೆದುಕೊಂಡು ಪಶ್ಚಿಮಕ್ಕೆ ಹೋಗಿ, ಮೂರು ಊರಿನ ಕಾಂಕ್ರೀಟು ಕಣಜಗಳ ಕೆಳಗೆ ಬಿಟ್ಟು, ತುಂಬಿದ್ದನ್ನು ಕಟ್ಟಿಕೊಂಡು ಸಂಜೆಗೆ ಲಿಪಾಕ್ಕೆ ಬರುವುದು. ಅಲ್ಲಿಂದ ಮುಂದೆ ಅದು ದೊಡ್ಡ ರೈಲ್ವೆಯವರ ಪಾಡು. ಕ್ಯಾನ್ಸಸ್ಸಿನ ಈ ಮೂಲೆಗೆ ಬೇರೆ ರೈಲಿಲ್ಲ.

ಝೆಮಾನರ ಅಡುಗೆಮನೆಯ ಪರದೆ ಸರಿಯಿತು. ಇಷ್ಟು ದಿನ ಅಷ್ಟೇ ಆಗುತ್ತಿತ್ತು: ಪರದೆ ಸರಿಯುವುದು, ಒಂದು ಕೈ ಬೀಸುವುದು. ಇವತ್ತು ಬಾಗಿಲೇ ತೆರೆಯಿತು. ಎಮಿಲನ ಹೆಂಡತಿ ಲಿಬ್ಬಿ ಏಪ್ರನ್ನಿನಲ್ಲೇ ಅಂಗಳ ದಾಟಿ, ರಸ್ತೆಯಂಚಿನ ಗೇಟಿನ ತನಕ ಬಂದು ಕೈ ಬೀಸಿದಳು. ಡೆಲ್ಮಾರ್ ಟೋಪಿ ತೆಗೆದು ಬೀಸಿದ. ಅವನಿಗೆ ಒಳಗೊಳಗೇ ಖುಷಿಯಾಯಿತು.

"ಕೋಟು ಹಾಕ್ಕೊಂಡಿಲ್ಲ ಅವಳು," ಎಂದಳು ರೋಂಡಾ.

"ಈಗ ಒಳಗೆ ಹೋಗ್ತಾಳೆ ಬಿಡು."

ರೋಂಡಾ ಹೊರಗೆ ಬಗ್ಗಿ ಹಿಂದಕ್ಕೆ ನೋಡುತ್ತಲೇ ಇದ್ದಳು. ಕೊನೆಯ ವ್ಯಾಗನ್ ದಾಟಿದ ಮೇಲೂ, ರೈಲು ತಿರುವು ತೆಗೆದುಕೊಳ್ಳುವ ತನಕವೂ ಲಿಬ್ಬಿ ಗೇಟು ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ರೈಲಿನ ಕಡೆಗಿರಲಿಲ್ಲ, ಊರಿನಿಂದ ಬರುವ ರಸ್ತೆಯ ಕಡೆಗಿತ್ತು. ಆದರೆ ಇದನ್ನು ರೋಂಡಾ ಹೇಳಲಿಲ್ಲ.

ಗುರುವಾರ ಮಧ್ಯಾಹ್ನ ಡೆಲ್ಮಾರ್ ಲಿಪಾದ ಶೆಡ್ಡಿನಲ್ಲಿ ಎಂಜಿನ್ನಿಗೆ ಎಣ್ಣೆ ಹಾಕುತ್ತಿದ್ದಾಗ ಜನೆಲ್ ಬಂದಳು. ಎಮಿಲ್ ಮತ್ತು ಲಿಬ್ಬಿಯ ಒಬ್ಬಳೇ ಮಗಳು, ಊರಿನ ಆಸ್ಪತ್ರೆಯಲ್ಲಿ ನರ್ಸು. ಕೈಯಲ್ಲಿ ಒಂದು ದೊಡ್ಡ ಪಾತ್ರೆ ಹಿಡಿದಿದ್ದಳು. ಒಳಗೂ ಹೊರಗೂ ಸುಟ್ಟು ಇದ್ದಿಲಾಗಿದ್ದ ಪಾತ್ರೆ.

"ಅಮ್ಮನದು," ಎಂದು ಅದನ್ನು ಬೆಂಚಿನ ಮೇಲಿಟ್ಟಳು. "ಮಂಗಳವಾರ ಒಲೆ ಮೇಲೆ ನೀರಿಟ್ಟು ಗೇಟಿನ ಹತ್ರ ಹೋಗಿ ನಿಂತಿದಾಳೆ. ನಾನು ಕೆಲಸ ಮುಗಿಸಿ ಹೋದಾಗ ಆರೂವರೆ. ಅಡುಗೆಮನೆ ಗೋಡೆ ಎಲ್ಲ ಕಪ್ಪು, ಮನೆ ತುಂಬ ಹೊಗೆ. ಅಮ್ಮ ಹೊರಗೇ ನಿಂತಿದ್ಳು. ಬೆರಳು ಮಡಿಚಕ್ಕೆ ಬರ್ತಿರ್ಲಿಲ್ಲ."

"ಗೇಟಿನ ಹತ್ರ ಯಾಕೆ?"

"ಅಪ್ಪ ಬರ್ತಾನಲ್ಲ, ಅದಕ್ಕೆ."

ಡೆಲ್ಮಾರನ ಕೈಯಲ್ಲಿದ್ದ ಎಣ್ಣೆಯ ಡಬ್ಬ ಹಾಗೇ ನಿಂತಿತು.

"ಅವಳಿಗೆ ಅರಳುಮರಳಲ್ಲ," ಎಂದಳು ಜನೆಲ್. "ಡಾಕ್ಟರ್ ಎರಡು ಸಲ ನೋಡಿದ್ರು. ಬೆಳಿಗ್ಗೆ ಸಮಾಧಿ ಕಲ್ಲಿನ ಮೇಲೆ ಏನು ಬರೆಸೋದು ಅಂತ ನನ್ನ ಜೊತೆ ಜಗಳ ಆಡ್ತಾಳೆ. ಅದೇ ಹೆಂಗಸು ಸಂಜೆ ಆ ಕೂಗು ಕೇಳಿದ ಕೂಡ್ಲೆ ಎದ್ದು ನೀರಿಡ್ತಾಳೆ. ಮೂವತ್ತೊಂದು ವರ್ಷ ಇಟ್ಟ ಕೈ, ಡೆಲ್ಮಾರ್. ಎರಡು ತಟ್ಟೆ ಹಾಕಿ ಕೂತ್ಕೋತಾಳೆ. ಏಳು, ಎಂಟು ಗಂಟೆ ತನಕ. ಆಮೇಲೆ ಎಲ್ಲ ನಾಯಿಗೆ. ಆಗಸ್ಟಿಂದ ಹೀಗೇ ನಡೀತಿದೆ, ನನಗೆ ಗೊತ್ತಾಗಿದ್ದು ಈಗ."

ನೀರಿಡುವುದು ಯಾಕೆಂದು ಡೆಲ್ಮಾರನಿಗೆ ಹೇಳಬೇಕಾಗಿರಲಿಲ್ಲ. ಹದಿನೆಂಟು ವರ್ಷ ಎಮಿಲನ ಪಕ್ಕದಲ್ಲಿ ಕಂಡಕ್ಟರಾಗಿ ಕೂತಿದ್ದವನು ಅವನು. ಲಿಬ್ಬಿಯ ಅಜ್ಜಿ ಯುರೋಪಿನ ಬೊಹೀಮಿಯಾದಿಂದ ತಂದ ಅಡುಗೆ ಅದು: ಉಬ್ಬಿದ ಹಿಟ್ಟಿನ ಉದ್ದನೆಯ ಕಡುಬು. ಕುದಿಯುವ ನೀರಿಗೆ ಬಿಟ್ಟರೆ ಇಪ್ಪತ್ತು ನಿಮಿಷ ಮುಚ್ಚಳ ತೆಗೆಯುವ ಹಾಗಿಲ್ಲ, ಬೆಂದ ಮೇಲೆ ಕಾಯಿಸುವ ಹಾಗಿಲ್ಲ. ಆರಿದರೆ ಬೂಟಿನ ಅಟ್ಟೆ. ಕ್ರಾಸಿಂಗಿನಲ್ಲಿ ಎಮಿಲ್ ಕೂಗಿಸಿದರೆ ಅವನು ಊರು ಸೇರಿ, ಎಂಜಿನ್ ನಿಲ್ಲಿಸಿ, ಪಿಕಪ್ ಹತ್ತಿ ಮನೆಗೆ ಬರಲು ಸರಿಯಾಗಿ ಒಂದು ಗಂಟೆ. ಲಿಬ್ಬಿ ಆಗ ನೀರಿಡುತ್ತಿದ್ದಳು. "ನನ್ನ ಹೆಂಡ್ತಿಗೆ ಟೆಲಿಫೋನ್ ಮಾಡ್ತಿದೀನಿ, ಸುಮ್ನಿರು," ಎಂದು ಎಮಿಲ್ ಹಿಡಿ ಎಳೆಯುತ್ತಿದ್ದ.

"ಜನ ಎಲ್ಲ ಸಂತೋಷ ಪಟ್ಟಿದ್ರು," ಎಂದ ಡೆಲ್ಮಾರ್. ಹೇಳಿದ ಮೇಲೆ ತನಗೇ ನಾಚಿಕೆಯಾಯಿತು.

ಜನ ಸಂತೋಷಪಟ್ಟಿದ್ದೇನೋ ನಿಜ. ಎಮಿಲನನ್ನು ಮಣ್ಣು ಮಾಡಿದ ವಾರ ಡೆಲ್ಮಾರ್ ಮೊದಲ ಸಲ ಆ ಸೀಟಿನಲ್ಲಿ ಕೂತು ಹಾಗೆ ಕೂಗಿಸಿದಾಗ, ಹೊಲದಲ್ಲಿದ್ದವರು ಟ್ರ್ಯಾಕ್ಟರ್ ನಿಲ್ಲಿಸಿದ್ದರಂತೆ. ಹೋಟೆಲಿನಲ್ಲಿ ಅವನ ಕಾಫಿಗೆ ಯಾರೋ ದುಡ್ಡು ಕೊಟ್ಟರು. ಕ್ಷೌರದಂಗಡಿಯವನು ಬೆನ್ನು ತಟ್ಟಿದ. ಹೊಗಳಿದರೆ ಉಬ್ಬದ ಮನುಷ್ಯ ನಮ್ಮ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ, ಡೆಲ್ಮಾರನೂ ಉಬ್ಬಿದ. ಕಿಟಕಿಯಲ್ಲಿ ಬೀಸಿದ ಕೈ ತನಗೇ ಎಂದುಕೊಂಡ.

"ನೀವು ಒಳ್ಳೇದಕ್ಕೇ ಮಾಡಿದ್ರಿ ಅಂತ ನನಗೆ ಗೊತ್ತು," ಎಂದಳು ಜನೆಲ್. "ಇನ್ನು ಮೇಲೆ ಮಾಡ್ಬೇಡಿ."

"ಕ್ರಾಸಿಂಗಿನಲ್ಲಿ ಕೂಗಿಸದೆ ಇರಕ್ಕಾಗಲ್ಲ, ಜನೆಲ್. ಕಾನೂನು."

"ಕೂಗಿಸಿ. ಅಪ್ಪನ ಹಾಗೆ ಕೂಗಿಸ್ಬೇಡಿ, ಅಷ್ಟೇ." ಪಾತ್ರೆಯನ್ನು ಎತ್ತಿಕೊಂಡಳು, ಮತ್ತೆ ಏನನ್ನಿಸಿತೋ ಅಲ್ಲೇ ಬಿಟ್ಟಳು. "ನನ್ನ ಜೊತೆ ಇರು ಬಾ ಅಂದ್ರೆ ಬರಲ್ಲ. ರೈಲಿನ ದಿನ ಮನೇಲಿ ಯಾರಿರ್ತಾರೆ ಅಂತ ಕೇಳ್ತಾಳೆ. ನಾನೇನು ಹೇಳ್ಲಿ ಅದಕ್ಕೆ?"

ಅವಳು ಹೋದ ಮೇಲೆ ಡೆಲ್ಮಾರ್ ಆ ಸುಟ್ಟ ಪಾತ್ರೆಯ ಎದುರು ಬಹಳ ಹೊತ್ತು ಕೂತಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುವುದು ಅವನ ಮಟ್ಟಿಗೆ ಎರಡನೆಯ ಸಲ ನಿಜವಾಗಿತ್ತು. ಮೊದಲನೆಯ ಸಲದ್ದು ಜನೆಲ್‌ಗೆ ಗೊತ್ತಿಲ್ಲ, ಲಿಬ್ಬಿಗೆ ಗೊತ್ತಿಲ್ಲ, ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಆಗಸ್ಟಿನ ಮೊದಲ ಮಂಗಳವಾರ ಅದು. ಆ ವರ್ಷ ಗೋಧಿ ಕಣಜ ತುಂಬಿ, ಹೊರಗೆ ನೆಲದ ಮೇಲೆ ಗುಡ್ಡಗುಡ್ಡವಾಗಿ ಬಿದ್ದಿತ್ತು. ಮೂರು ಊರಿನವರೂ ವ್ಯಾಗನ್ನಿಗೆ ಬಾಯಿ ಬಿಡುತ್ತಿದ್ದರು, ಮಳೆ ಬಂದರೆ ಎಲ್ಲ ಮೊಳಕೆ. ಮೂವತ್ತೆಂಟು ವ್ಯಾಗನ್ ಕಟ್ಟಿಕೊಂಡು ವಾಪಸು ಬರುವಾಗ ಎಮಿಲ್ ಎಡಗೈಯನ್ನು ಬಲಗೈಯಿಂದ ಹಿಸುಕಿಕೊಳ್ಳುತ್ತಿದ್ದ. ಅವನ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ಲೋ, ಸ್ವಲ್ಪ ನೀನು ಕೂತ್ಕೋ," ಎಂದು ಸೀಟು ಬಿಟ್ಟುಕೊಟ್ಟ. ಹದಿನೆಂಟು ವರ್ಷದಲ್ಲಿ ಅವನು ಯಾರಿಗೂ ಆ ಸೀಟು ಬಿಟ್ಟುಕೊಟ್ಟಿರಲಿಲ್ಲ. ಡೆಲ್ಮಾರನ ಹತ್ತಿರ ಓಡಿಸುವ ಪರವಾನಗಿ ಇತ್ತು, ಅದು ಜೇಬಿನಲ್ಲೇ ಹಳದಿಯಾಗಿತ್ತು.

"ಆಸ್ಪತ್ರೆಗೆ ಫೋನ್ ಮಾಡ್ಲಾ?"

"ಹುಚ್ಚಾ ನಿನಗೆ? ಸೆಕೆ ಅಷ್ಟೇ. ಲಿಬ್ಬಿಗೆ ಗೊತ್ತಾದ್ರೆ ನನ್ನ ಕಿವಿ ಹಿಡ್ಕೊಂಡು ಹಾಸಿಗೆಗೆ ಹಾಕ್ತಾಳೆ. ಈ ಗೋಧಿ ಯಾರು ಸಾಗಿಸ್ತಾರೆ, ನಿಮ್ಮಪ್ಪನಾ?" ಎಮಿಲ್ ನಕ್ಕ, ನಗುವಾಗ ಹಲ್ಲು ಕಚ್ಚಿದ. ಮನೆಯ ಕ್ರಾಸಿಂಗ್ ಹತ್ತಿರ ಬಂದಾಗ ಹೇಳಿದ, "ನೀನೇ ಕೂಗಿಸು. ನನ್ನ ಹಾಗೇ ಕೂಗಿಸ್ಬೇಕು. ಇಲ್ದಿದ್ರೆ ಅವಳಿಗೆ ಗೊತ್ತಾಗತ್ತೆ."

ಡೆಲ್ಮಾರ್ ಕೂಗಿಸಿದ. ಸಾವಿರ ಸಲ ಕೇಳಿದ್ದು, ಕೈ ತಾನಾಗಿ ಕಲಿತಿತ್ತು. ಎಮಿಲ್ ಹೆಬ್ಬೆರಳು ಎತ್ತಿ ತೋರಿಸಿದ. ಲಿಬ್ಬಿ ಒಳಗೆ ನೀರಿಟ್ಟಳು. ಎಮಿಲ್ ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಿದ, ಬೆಳಗಿನ ಜಾವ ಸತ್ತುಹೋದ. ಅವತ್ತು ತಾನು ಕೂಗನ್ನು ಸ್ವಲ್ಪ ಕೆಡಿಸಿದ್ದರೆ, ಬೇಕೆಂದೇ ತಪ್ಪಿಸಿದ್ದರೆ, ಆ ಹೆಂಗಸು ಕಾರು ಹತ್ತಿಕೊಂಡು ಸೀದಾ ಶೆಡ್ಡಿಗೆ ಬಂದಿರುತ್ತಿದ್ದಳು. ಇದು ಡೆಲ್ಮಾರನಿಗೆ ತನ್ನ ಹೆಸರು ಗೊತ್ತಿದ್ದಷ್ಟೇ ಖಂಡಿತವಾಗಿ ಗೊತ್ತಿತ್ತು. ಆಮೇಲೆ ಆರು ತಿಂಗಳು ವಾರಕ್ಕೆರಡು ಸಲ ಕೂಗಿಸಿದ್ದು ಜನ ತಿಳಿದ ಹಾಗೆ ಬರೀ ಗೌರವಕ್ಕಲ್ಲ. ಆ ಒಂದು ಕೂಗನ್ನು ಅವನು ಹೇಗೋ ಸರಿ ಮಾಡಲು ನೋಡುತ್ತಿದ್ದ.

ಶುಕ್ರವಾರ ವಾಪಸು ಬರುವಾಗ ಮೋಡ ಕಟ್ಟಿತ್ತು. ಹದಿನಾಲ್ಕು ವ್ಯಾಗನ್ನು. ಪಶ್ಚಿಮದ ಕೊನೆಯ ಕಣಜದಲ್ಲಿ ಬ್ರೇಕು ಹೆಪ್ಪುಗಟ್ಟಿ ರೋಂಡಾ ಸುತ್ತಿಗೆ ಹಿಡಿದು ಒಂದು ಗಂಟೆ ಗುದ್ದಾಡಿದ್ದಳು, ಕೆನ್ನೆಯೆಲ್ಲ ಕೆಂಪಾಗಿತ್ತು. ಡೆಲ್ಮಾರ್ ಜನೆಲ್ ಹೇಳಿದ್ದನ್ನು ಬೆಳಿಗ್ಗೆಯೇ ಅವಳಿಗೆ ಹೇಳಿದ್ದ. ಆವತ್ತಿನ ಮಟ್ಟಿಗೆ ಅವಳು ಗೇಲಿ ಮಾಡಲಿಲ್ಲ.

ಮನೆ ಕಾಣಿಸಿದಾಗ, "ನಾನು ಎಳೀಲಾ?" ಎಂದು ಕೇಳಿದಳು.

"ಬೇಡ."

"ಕಣ್ಣು ಮುಚ್ಕೊಂಡು ಎಳಿ. ಹಲ್ಲು ಕೀಳಿಸ್ಕೊಂಡ ಹಾಗೆ ಅಂದ್ಕೋ."

ಎರಡು ಉದ್ದ. ಒಂದು ಗಿಡ್ಡ. ಆಮೇಲೆ ಡೆಲ್ಮಾರ್ ಹಿಡಿಯನ್ನು ಕೆಳಗೆಳೆದು ಅಲ್ಲೇ ಹಿಡಿದ. ಅವನ ಬೆರಳುಗಳು ಸಡಿಲಿಸಲು ತವಕಿಸುತ್ತಿದ್ದವು, ಅವನು ಮುಷ್ಟಿ ಬಿಗಿದ. ಏರಿಳಿತವಿಲ್ಲ, ಎಲ್ಲ ಕ್ರಾಸಿಂಗುಗಳಲ್ಲಿ ಎಲ್ಲ ರೈಲುಗಳೂ ಕೂಗುವ ಒಂದು ಕೂಗು, ಎಂಜಿನ್ ರಸ್ತೆಯ ಮೇಲೆ ಬರುವ ತನಕ.

ಲಿಬ್ಬಿ ಆಗಲೇ ಜಗಲಿಗೆ ಬಂದಿದ್ದಳು. ಬೀಸಲು ಎತ್ತಿದ ಕೈ ಹೆಗಲ ತನಕ ಬಂದು ನಿಂತಿತು. ಇನ್ನೂ ಬಾಕಿ ಇದೆ ಎಂಬಂತೆ ತಲೆ ವಾರೆ ಮಾಡಿ ಆಲಿಸುತ್ತ ನಿಂತಳು. ಬಾಕಿ ಬರಲಿಲ್ಲ. ಆಗ ಅವಳು ಎಂಜಿನ್ನಿನ ಕಿಟಕಿಯ ಕಡೆ ಕಣ್ಣೆತ್ತಿ ಡೆಲ್ಮಾರನ ಮುಖ ನೋಡಿದಳು. ಆರು ತಿಂಗಳಲ್ಲಿ ಅವಳು ಆ ಸೀಟಿನಲ್ಲಿ ಯಾರು ಕೂತಿದ್ದಾರೆಂದು ನೋಡಿದ್ದು ಅದೇ ಮೊದಲು. ಡೆಲ್ಮಾರ್ ಟೋಪಿ ತೆಗೆದ, ಬೀಸಲು ಕೈ ಬರಲಿಲ್ಲ. ಲಿಬ್ಬಿ ಕೈ ಇಳಿಸಿ ಏಪ್ರನ್ನಿಗೆ ಒರೆಸಿಕೊಂಡು ಒಳಗೆ ಹೋದಳು.

ರೋಂಡಾ ಥರ್ಮಾಸಿನಿಂದ ಕಾಫಿ ಸುರಿದು ಅವನ ಮುಂದೆ ಹಿಡಿದಳು. ಅವನು ತೆಗೆದುಕೊಳ್ಳಲಿಲ್ಲ. ಅವಳೇ ಕುಡಿದು, ಮೂಗು ಒರೆಸಿಕೊಂಡು, ಊರು ಬರುವ ತನಕ ಬೇರೆ ಕಡೆ ನೋಡುತ್ತಿದ್ದಳು.

ಶೆಡ್ಡಿಗೆ ಬೀಗ ಹಾಕಿದ ಮೇಲೆ ಡೆಲ್ಮಾರ್ ತನ್ನ ಮನೆಯ ಕಡೆ ಹೋಗಲಿಲ್ಲ. ಆ ಮಣ್ಣು ರಸ್ತೆ ಹಿಡಿದು ಝೆಮಾನರ ಅಂಗಳದಲ್ಲಿ ಪಿಕಪ್ ನಿಲ್ಲಿಸಿದಾಗ ಇನ್ನೂ ಬೆಳಕಿತ್ತು. ಎಮಿಲ್ ಬರುತ್ತಿದ್ದ ಹೊತ್ತಿಗೇ ಬಂದಿದ್ದೇನೆ ಎನ್ನುವುದು ಅವನಿಗೆ ಬಾಗಿಲು ಬಡಿದ ಮೇಲೆ ಹೊಳೆಯಿತು. ಓಡಿಹೋಗೋಣ ಅನ್ನಿಸಿತು. ಅಷ್ಟರಲ್ಲಿ ಲಿಬ್ಬಿ ಬಾಗಿಲು ತೆರೆದಳು.

"ನೀನು ಬರ್ತೀಯ ಅಂದ್ಕೊಂಡೆ," ಎಂದಳು. "ಬೂಟು ಒರೆಸ್ಕೊಂಡು ಬಾ."

ಅಡುಗೆಮನೆಯ ಗೋಡೆ ತೊಳೆದಿದ್ದರೂ ಕಪ್ಪು ಹೋಗಿರಲಿಲ್ಲ. ಒಲೆ ತಣ್ಣಗಿತ್ತು. ಮೇಜಿನ ಮೇಲೆ ಎಮಿಲನ ಜಾಗದಲ್ಲಿ ನೀಲಿ ಅಂಚಿನ ತಟ್ಟೆ, ಎದುರಿಗೆ ಇನ್ನೊಂದು. ಪಕ್ಕದ ಹಲಗೆಯ ಮೇಲೆ ಬಟ್ಟೆ ಮುಚ್ಚಿದ ಹಿಟ್ಟು ಉಬ್ಬಿ ಕೂತಿತ್ತು.

"ಕೂತ್ಕೋ ಡೆಲ್ಮಾರ್. ನಿನಗೊಂದು ವಿಷಯ ಹೇಳ್ಬೇಕು." ಅವಳು ಅವನ ಎದುರು ಕೂತು, ಕೆಟ್ಟ ಸುದ್ದಿ ಹೇಳುವವರ ಹಾಗೆ ಅವನ ಮುಂಗೈ ಮೇಲೆ ಕೈಯಿಟ್ಟಳು. "ಎಮಿಲ್ ಹೋಗ್ಬಿಟ್ಟ."

"ಗೊತ್ತು ಲಿಬ್ಬಿ. ನಾನೇ ಹೆಗಲು ಕೊಟ್ಟಿದ್ದೆ."

"ನನಗೂ ಗೊತ್ತು. ನಾನೇ ಮಣ್ಣು ಹಾಕಿದ್ದೆ. ಬುಧವಾರ ಗೊತ್ತಿರ್ತಿತ್ತು, ಗುರುವಾರ ಗೊತ್ತಿರ್ತಿತ್ತು. ಮಂಗಳವಾರ ಶುಕ್ರವಾರ ಸಂಜೆ ಮಾತ್ರ ಅವನು ಸತ್ತಿರ್ತಿರ್ಲಿಲ್ಲ. ಜನೆಲ್‌ಗೆ ಇದು ಅರ್ಥ ಆಗಲ್ಲ. ಇವತ್ತು ಶುಕ್ರವಾರಾನೂ ಸತ್ತ." ಅವಳು ಅವನ ಕೈಯನ್ನು ಮೆಲ್ಲಗೆ ತಟ್ಟಿದಳು. "ನಿನಗೂ ಕಷ್ಟ ಆಯ್ತು ಅಲ್ವಾ? ಮುಖ ನೋಡ್ದೆ ನಾನು."

ತನ್ನನ್ನು ಸಮಾಧಾನ ಮಾಡುತ್ತಿದ್ದಾಳೆ ಎನ್ನುವುದನ್ನು ಡೆಲ್ಮಾರನಿಗೆ ತಡೆದುಕೊಳ್ಳಲಾಗಲಿಲ್ಲ. ಕೈ ಬಿಡಿಸಿಕೊಂಡು, ಆಗಸ್ಟಿನ ಮಂಗಳವಾರದ್ದು ಎಲ್ಲ ಹೇಳಿದ. ಎಡಗೈ, ಬೆವರು, ಗೋಧಿ, ಬಿಟ್ಟುಕೊಟ್ಟ ಸೀಟು. ಲಿಬ್ಬಿಗೆ ಹೇಳಬೇಡ ಅಂದದ್ದು. "ಅವತ್ತಿನ ಕೂಗು ಅವನದಲ್ಲ, ಲಿಬ್ಬಿ. ನಾನು ಕೂಗಿಸಿದ್ದು. ನಿಮಗೆ ಗೊತ್ತಾಗ್ಬಾರ್ದು ಅಂತ್ಲೇ ಕೂಗಿಸಿದ್ದು."

ಅವಳು ಬೈಯಲಿ, ತಟ್ಟೆ ತೆಗೆದು ಮುಖಕ್ಕೆ ಎಸೆಯಲಿ ಎಂದು ಅವನು ಕಾದ. ಅವಳು ಕಿಟಕಿಯಾಚೆ ಹಳಿಯ ಕಡೆ ನೋಡುತ್ತಿದ್ದಳು.

"ಆ ಮಂಗಳವಾರ ಕೊನೇದು ಸ್ವಲ್ಪ ಬೇಗ ಮುಗೀತು," ಎಂದಳು. "ಪಾತ್ರೆ ಕೈಯಲ್ಲಿ ಹಿಡ್ಕೊಂಡು ಇಲ್ಲೇ ನಿಂತ್ಕೊಂಡೆ. ಇದು ಎಮಿಲ್ ಅಲ್ವಲ್ಲ ಅನ್ನಿಸ್ತು. ಮೂವತ್ತೊಂದು ವರ್ಷ ಕೇಳಿದ ಕಿವಿ. ಕಾರಿನ ಬೀಗದಕೈ ಕೂಡ ನೋಡ್ದೆ, ಅಗೋ, ಆ ಮೊಳೆಗೆ ನೇತಾಕಿರೋದನ್ನ. ಆಮೇಲೆ, ಗಾಳಿ ಇರ್ಬೇಕು ಅಂದ್ಕೊಂಡೆ. ನೀರಿಟ್ಟೆ."

ಇಬ್ಬರೂ ಮೊಳೆಯ ಕಡೆ ನೋಡಿದರು. ಬೀಗದಕೈ ಈಗಲೂ ಅಲ್ಲೇ ನೇತಾಡುತ್ತಿತ್ತು. ಡೆಲ್ಮಾರ್ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವನ ಹೆಗಲು ಅಲುಗುತ್ತಿದ್ದಷ್ಟು ಹೊತ್ತೂ ಲಿಬ್ಬಿ ಎದುರಿಗೇ ಕೂತಿದ್ದಳು, ಮುಟ್ಟಲಿಲ್ಲ. ಅವಳ ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲು ಹೋಗಲಿಲ್ಲ.

ಆಮೇಲೆ ಎದ್ದಳು. "ಹಿಟ್ಟು ಉಬ್ಬಿದೆ. ಹಾಳಾಗತ್ತೆ," ಎಂದು ಬೇರೊಂದು ಪಾತ್ರೆಯಲ್ಲಿ ನೀರಿಟ್ಟಳು. ಕುದಿ ಬಂದಾಗ ಕಡುಬನ್ನು ಬಿಟ್ಟು ಮುಚ್ಚಳ ಮುಚ್ಚಿದಳು. ಇಪ್ಪತ್ತು ನಿಮಿಷ ಇಬ್ಬರೂ ಗಡಿಯಾರ ನೋಡುತ್ತ ಕೂತರು. ಮಧ್ಯೆ ಅವಳು ಎಮಿಲನ ನೀಲಿ ಅಂಚಿನ ತಟ್ಟೆಯನ್ನು ಎತ್ತಿ, ಒರೆಸಿ, ಕಪಾಟಿನಲ್ಲಿ ಬೇರೆ ತಟ್ಟೆಗಳ ಅಡಿಗೆ ಸೇರಿಸಿದಳು. ಡೆಲ್ಮಾರನಿಗೆ ಬಿಳಿಯ ತಟ್ಟೆಯೊಂದನ್ನು ತಂದು, ಗೋಡೆಯ ಕಡೆಯ ಕುರ್ಚಿಯ ಮುಂದೆ ಇಟ್ಟಳು.

ಕಡುಬನ್ನು ಅವಳು ಚಾಕುವಿನಿಂದ ಕೊಯ್ಯಲಿಲ್ಲ, ಅದನ್ನು ಹಾಗೆ ಕೊಯ್ಯುವುದಿಲ್ಲ. ಬಿಳಿಯ ದಾರವನ್ನು ಅಡಿಗೆ ತೂರಿಸಿ, ಮೇಲೆ ಎರಡೂ ತುದಿ ಅಡ್ಡ ಹಾಕಿ ಎಳೆದಳು. ಒಂದು ಹೋಳು, ಇನ್ನೊಂದು ಹೋಳು. ಹಬೆ ಎದ್ದು ಅವಳ ಕನ್ನಡಕ ಮುಚ್ಚಿತು.

"ತಿನ್ನು, ಆರ್ಹೋಗತ್ತೆ," ಎಂದಳು.

ಅವನು ತಿಂದ. ಅವಳು ದಾರವನ್ನು ತೊಳೆದು, ಹಿಂಡಿ, ಕಿಟಕಿಯ ಚಿಲಕಕ್ಕೆ ಒಣಗಲು ಹಾಕಿದಳು. ಆಚೆ ಹಿಮ ಬೀಳತೊಡಗಿ ಹಳಿ ಎರಡೂ ಮೆಲ್ಲಗೆ ಬೆಳ್ಳಗಾಗುತ್ತಿದ್ದವು. ಇನ್ನು ಮಂಗಳವಾರದ ತನಕ ಆ ದಾರಿಯಲ್ಲಿ ರೈಲಿರಲಿಲ್ಲ.